ತಡೆಯುವವರ ತಂಡ: ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್, 1954–55

ಒಂದು ಅಂಕಿಯಿಂದ ಶುರು ಮಾಡುತ್ತೇನೆ. 52.

1954–55ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಎದುರು ಆಡಿದವರು ಒಂದು ಪಂದ್ಯಕ್ಕೆ ಸರಾಸರಿ ಗಳಿಸಿದ್ದು ಸುಮಾರು 52 ಪಾಯಿಂಟ್. ಆ ವರ್ಷ ಅಮೆರಿಕದ ದೊಡ್ಡ ಕಾಲೇಜು ತಂಡಗಳಲ್ಲಿ ಎದುರಾಳಿಗೆ ಇಷ್ಟು ಜಿಪುಣತನದಿಂದ ಪಾಯಿಂಟ್ ಕೊಟ್ಟ ತಂಡ ಇನ್ನೊಂದಿಲ್ಲ. ಇದರ ಹಿಂದಿನ ವರ್ಷ ರಾಷ್ಟ್ರೀಯ ಫೈನಲ್ಲಿನಲ್ಲಿ ಗೆದ್ದ ತಂಡ ಒಂದೇ ರಾತ್ರಿ 92 ಪಾಯಿಂಟ್ ಹೊಡೆದಿತ್ತು. ಪಕ್ಕದಲ್ಲಿಟ್ಟು ನೋಡಿದರೆ 52 ಎಷ್ಟು ಕಡಿಮೆ ಅನ್ನುವುದು ಗೊತ್ತಾಗುತ್ತದೆ.

ಈ ತಂಡದ ಹೆಸರು ಡಾನ್ಸ್. ಕುಣಿತದ ಡಾನ್ಸ್ ಅಲ್ಲ, ಡಾನ್ ಎಂಬ ಪದದ ಬಹುವಚನ. ಈ ಸೀಸನ್ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಬಿಲ್ ರಸೆಲ್ ಅಂತಾರೆ. ಅದು ಸರಿ. ಆದರೆ ನನಗೆ ಅಷ್ಟಕ್ಕೇ ಸಮಾಧಾನವಿಲ್ಲ. ಒಬ್ಬ ಎತ್ತರದ ಹುಡುಗ ಸಿಕ್ಕಿದ, ತಂಡ ಗೆದ್ದಿತು ಅಂದುಬಿಟ್ಟರೆ ಆ ಸೀಸನ್‌ನಲ್ಲಿ ನಡೆದ ಮುಖ್ಯ ಸಂಗತಿ ಕೈತಪ್ಪುತ್ತದೆ. ಚೆಂಡನ್ನು ತಡೆಯುವುದೂ ಒಂದು ಪೂರ್ತಿ ಆಟ, ಅದನ್ನು ಕಲಿಯಬಹುದು, ಕಲಿಸಬಹುದು, ಅದರಿಂದಲೇ ಗೆಲ್ಲಬಹುದು ಅಂತ ಒಂದು ಸಣ್ಣ ಕಾಲೇಜು ತೋರಿಸಿಕೊಟ್ಟ ವರ್ಷ ಅದು.

ಮೊದಲು ಕಾಲೇಜಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ ಅಂದರೆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಅಂದುಕೊಳ್ಳಬೇಡಿ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ್ದಾರಲ್ಲ, ಅದೇ ಜೆಸ್ವಿಟ್ ಪಾದ್ರಿಗಳ ಸಂಸ್ಥೆ ಅದು. ಶುರುವಾಗಿದ್ದು 1855ರಲ್ಲಿ. ಅಂದರೆ ನಾವು ಮಾತಾಡುತ್ತಿರುವ ಸೀಸನ್ ಹೊತ್ತಿಗೆ ಅದಕ್ಕೆ ಸರಿಯಾಗಿ 100 ವರ್ಷ ತುಂಬುತ್ತಿತ್ತು. ನೂರು ವರ್ಷದ ಆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸ್ವಂತ ಒಳಾಂಗಣ ಕೋರ್ಟ್ ಇರಲಿಲ್ಲ! ಪ್ರಾಕ್ಟೀಸ್ ಮಾಡುತ್ತಿದ್ದದ್ದು ಸೇಂಟ್ ಇಗ್ನೇಷಿಯಸ್ ಹೈಸ್ಕೂಲಿನ ಜಿಮ್‌ನಲ್ಲಿ. ಪಂದ್ಯಗಳಿಗೆ ಊರಿನ ಕೆಜರ್ ಪೆವಿಲಿಯನ್, ಇಲ್ಲವೇ ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಪತ್ರಿಕೆಯವರು ಇವರನ್ನು ಮನೆಯಿಲ್ಲದ ಡಾನ್ಸ್ ಅಂತಲೇ ಕರೆಯುತ್ತಿದ್ದರು. ಇಲ್ಲಿ ಕೂತಿರುವ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಬೇರೆ ಕಾಲೇಜಿನ ಕೋರ್ಟ್ ಖಾಲಿಯಾಗಲಿ ಅಂತ ಬ್ಯಾಗ್ ಹಿಡಿದು ಕಾಯುತ್ತೀರಿ ಅಂತ ನನಗೆ ಗೊತ್ತು. ಅವರೂ ಹಾಗೇ ಕಾದವರು.

ಈ ಕಾಲೇಜಿನ ಇನ್ನೊಂದು ವಿಷಯ. ಇದು ಬ್ಯಾಸ್ಕೆಟ್‌ಬಾಲ್ ಕಥೆಯಲ್ಲ, ಆದರೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1951ರಲ್ಲಿ ಇದೇ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಆಡಿದ 9 ಪಂದ್ಯಗಳನ್ನೂ ಗೆದ್ದಿತು. ಅಂಥ ತಂಡಕ್ಕೆ ವರ್ಷದ ಕೊನೆಯಲ್ಲಿ ಯಾವುದಾದರೂ ದೊಡ್ಡ ಬೌಲ್ ಪಂದ್ಯಕ್ಕೆ ಕರೆ ಬರಬೇಕು. ಕರೆ ಬರಬೇಕಾದರೆ ಇಬ್ಬರು ಕಪ್ಪು ಆಟಗಾರರನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂಬ ಸೂಚನೆ ಬಂತು. ಆ ಇಬ್ಬರು ಆಲೀ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ತಂಡ ಒಪ್ಪಲಿಲ್ಲ. ಬೌಲ್ ಪಂದ್ಯದಲ್ಲಿ ಆಡಲೂ ಇಲ್ಲ. ದುಡ್ಡಿನ ಅಡಚಣೆಯಿಂದ ಕಾಲೇಜು ಆ ವರ್ಷದ ನಂತರ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿತು. ರಸೆಲ್ ಇಲ್ಲಿಗೆ ಬಂದದ್ದು ಅದರ ಮರುವರ್ಷ. ಆ ನಿರ್ಧಾರದ ನೆನಪು ಕ್ಯಾಂಪಸ್ಸಿನಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಇದು ಗಮನದಲ್ಲಿರಲಿ, ಒಕ್ಲಹೋಮಾ ಸಿಟಿಯ ಪ್ರಸಂಗ ಬಂದಾಗ ಬೇಕಾಗುತ್ತದೆ.

ಈಗ ಕೋಚ್ ಬಗ್ಗೆ. ಫಿಲ್ ವೂಲ್‌ಪರ್ಟ್. ಇವರಿಗಿಂತ ಮುಂಚೆ ಅಲ್ಲಿ ಕೋಚ್ ಆಗಿದ್ದವರು ಪೀಟ್ ನ್ಯೂವೆಲ್. ಇಬ್ಬರೂ ಕಾಲೇಜಿನಲ್ಲಿ ಒಟ್ಟಿಗೆ ಆಡಿದವರು. ನ್ಯೂವೆಲ್ 1949ರಲ್ಲಿ ಈ ಸಣ್ಣ ಕಾಲೇಜಿಗೆ ಎನ್‌ಐಟಿ ಎಂಬ ರಾಷ್ಟ್ರೀಯ ಆಹ್ವಾನ ಟೂರ್ನಿ ಗೆದ್ದುಕೊಟ್ಟು 1950ರಲ್ಲಿ ಬೇರೆ ಕಡೆ ಹೋದರು. ಆ ಜಾಗಕ್ಕೆ ವೂಲ್‌ಪರ್ಟ್ ಬಂದರು. ಡಿಫೆನ್ಸ್ ಮೇಲೆ ಇಬ್ಬರಿಗೂ ಅಪಾರ ನಂಬಿಕೆ. ವೂಲ್‌ಪರ್ಟ್ ಅವರ ತಂಡದಲ್ಲಿ ಒಬ್ಬರಿಗೊಬ್ಬರು ಕಾವಲು, ಮೈಗೆ ಅಂಟಿಕೊಂಡ ಹಾಗೆ. ಚೆಂಡು ಹಿಡಿದವನಿಗೆ ಉಸಿರಾಡಲು ಬಿಡಬಾರದು.

ಆ ಕಾಲದ ಆಟ ಹೇಗಿತ್ತು ಅಂತ ಒಂದು ನಿಮಿಷ ಕಣ್ಣ ಮುಂದೆ ತಂದುಕೊಳ್ಳಿ. ಮೂರು ಪಾಯಿಂಟ್ ಗೆರೆ ಇಲ್ಲ. ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ ಇಲ್ಲ. ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಂಡು ಸತಾಯಿಸಬಹುದು. ರಿಂಗ್ ಕೆಳಗಿನ ಕೀ ಅಂತೀವಲ್ಲ, ಅದರ ಅಗಲ ಬರೀ 6 ಅಡಿ. ಎತ್ತರದವನು ಅದರ ಪಕ್ಕದಲ್ಲೇ ಆರಾಮಾಗಿ ನಿಂತಿರಬಹುದು. ಇನ್ನು ಡಿಫೆನ್ಸ್ ವಿಷಯದಲ್ಲಿ ಎಲ್ಲ ಕೋಚ್‌ಗಳೂ ಹೇಳುತ್ತಿದ್ದ ಒಂದು ಮಾತಿತ್ತು. ಒಳ್ಳೆಯ ಡಿಫೆಂಡರ್ ನೆಲ ಬಿಡಬಾರದು. ಪಾದ ಊರಿ ನಿಲ್ಲಬೇಕು, ಹಾರಬಾರದು. ಹಾರಿದರೆ ಎದುರಿನವನು ಮೋಸ ಮಾಡಿ ಪಕ್ಕದಿಂದ ನುಗ್ಗುತ್ತಾನೆ. ವೂಲ್‌ಪರ್ಟ್ ಅವರೂ ಮೊದಲು ಹಾಗೇ ನಂಬಿದ್ದವರು.

ಅಂಥವರ ಕೈಗೆ ಸಿಕ್ಕಿದ್ದು ಹಾರುವುದೇ ಬದುಕು ಅನ್ನುವಂಥ ಹುಡುಗ.

ಬಿಲ್ ರಸೆಲ್ ಹುಟ್ಟಿದ್ದು 1934ರಲ್ಲಿ, ಲೂಸಿಯಾನಾದ ಮನ್ರೋ ಎಂಬ ಊರಲ್ಲಿ. ಬಣ್ಣಭೇದ ಕಾನೂನೇ ಆಗಿದ್ದ ದಕ್ಷಿಣದ ಊರು. ಮನೆಯವರು ಅಲ್ಲಿಂದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಬಂದರು. ಹುಡುಗನಿಗೆ 12 ವರ್ಷವಾದಾಗ ತಾಯಿ ತೀರಿಕೊಂಡರು. ಮೆಕ್‌ಕ್ಲೈಮಂಡ್ಸ್ ಹೈಸ್ಕೂಲಿನಲ್ಲಿ ಅವನು ಹೇಳಿಕೊಳ್ಳುವಂಥ ಆಟಗಾರನೇ ಅಲ್ಲ. ಜೂನಿಯರ್ ತಂಡದಲ್ಲಿ 15 ಜೆರ್ಸಿ ಇದ್ದವು, ಹುಡುಗರು 16. ಹದಿನಾರನೆಯವನು ರಸೆಲ್. ಅವನೂ ಇನ್ನೊಬ್ಬ ಹುಡುಗನೂ ಒಂದೇ ಜೆರ್ಸಿ ಹಂಚಿಕೊಂಡು, ಒಂದು ಪಂದ್ಯಕ್ಕೆ ಇವನು, ಮುಂದಿನದಕ್ಕೆ ಅವನು ಅಂತ ಹಾಕಿಕೊಳ್ಳುತ್ತಿದ್ದರು. ಅಲ್ಲಿನ ಕೋಚ್ ಜಾರ್ಜ್ ಪೌಲ್ಸ್. ಈ ಹುಡುಗನನ್ನು ತಂಡದಿಂದ ತೆಗೆಯಲು ಅವರಿಗೆ ಮನಸ್ಸು ಬರಲಿಲ್ಲ. ತಮ್ಮ ಜೇಬಿನಿಂದ ದುಡ್ಡು ಕೊಟ್ಟು ಬಾಯ್ಸ್ ಕ್ಲಬ್‌ಗೆ ಸೇರಿಸಿ, ಹೋಗಿ ದಿನಾ ಆಡು ಅಂದರು. ಇಲ್ಲಿರುವ ಪಿಟಿ ಮೇಷ್ಟ್ರುಗಳಿಗೆ ಈ ಹೆಸರು ನೆನಪಿರಲಿ ಅಂತಲೇ ಹೇಳುತ್ತಿದ್ದೇನೆ. ಪೌಲ್ಸ್ ಅವರು ಆ ಹದಿನಾರನೆಯ ಹುಡುಗನನ್ನು ಮನೆಗೆ ಕಳಿಸಿದ್ದರೆ ಇವತ್ತು ನಾನು ಇಲ್ಲಿ ಈ ಮಾತು ಆಡುತ್ತಿರಲಿಲ್ಲ.

ಡಾನ್ಸ್ ಪರವಾಗಿ ಹುಡುಗರನ್ನು ಹುಡುಕುತ್ತಿದ್ದ ಹ್ಯಾಲ್ ಡಿಜೂಲಿಯೊ ಎಂಬ ಹಳೆಯ ವಿದ್ಯಾರ್ಥಿ ಒಂದು ಹೈಸ್ಕೂಲ್ ಪಂದ್ಯಕ್ಕೆ ಬಂದಿದ್ದರು. ಆ ದಿನ ರಸೆಲ್ 14 ಪಾಯಿಂಟ್ ಮಾಡಿದ. ದೊಡ್ಡ ಮೊತ್ತವೇನಲ್ಲ. ಆದರೆ ಬಿಗಿಯಾದ ಹೊತ್ತಿನಲ್ಲಿ ಈ ಹುಡುಗ ಏನೋ ಮಾಡುತ್ತಾನೆ ಅಂತ ಡಿಜೂಲಿಯೊ ಅವರಿಗೆ ಅನಿಸಿತು. ಸ್ಕಾಲರ್‌ಶಿಪ್ ಬಂತು. ಅವನಿಗೆ ಬಂದದ್ದು ಅದೊಂದೇ ಕರೆ. ಬೇರೆ ಯಾವ ಕಾಲೇಜೂ ಅವನ ಕಡೆ ತಿರುಗಿ ನೋಡಿರಲಿಲ್ಲ.

ಹಾಸ್ಟೆಲ್‌ನಲ್ಲಿ ಅವನ ಜೊತೆಗಾರ ಕೆ. ಸಿ. ಜೋನ್ಸ್. ನನ್ನ ಮಟ್ಟಿಗೆ ಈ ಕಥೆಯ ಇನ್ನೊಬ್ಬ ನಾಯಕ. ಟೆಕ್ಸಾಸ್‌ನಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವನು, ರಸೆಲ್‌ಗಿಂತ ಒಂದು ವರ್ಷ ಸೀನಿಯರ್. ಎತ್ತರ 6 ಅಡಿ 1 ಇಂಚು. ಮಾತೇ ಆಡದವನು. ಮೊದಲ ಒಂದು ತಿಂಗಳು ತನ್ನ ಹತ್ತಿರ ಹೆಚ್ಚುಕಮ್ಮಿ ಮಾತೇ ಆಡಲಿಲ್ಲ ಅಂತ ರಸೆಲ್ ಮುಂದೆ ನೆನಪಿಸಿಕೊಂಡಿದ್ದಾನೆ. ಆಮೇಲೆ ಮಾತು ಶುರುವಾಯಿತು ನೋಡಿ, ನಿಲ್ಲಲಿಲ್ಲ. ಇಬ್ಬರೂ ಆಟವನ್ನು ರೇಖಾಗಣಿತದ ಹಾಗೆ ಬಿಡಿಸಿ ನೋಡತೊಡಗಿದರು. ಇವನು ಈ ಕಡೆಯಿಂದ ನುಗ್ಗಿದರೆ ಅವನಿಗೆ ಉಳಿಯುವ ದಾರಿ ಯಾವುದು? ಬೋರ್ಡಿಗೆ ಈ ಕೋನದಲ್ಲಿ ಬಡಿದರೆ ಚೆಂಡು ಎಲ್ಲಿ ಬೀಳುತ್ತದೆ? ನಾನು ಅವನನ್ನು ಬಲಗಡೆಗೆ ತಳ್ಳಿದರೆ ನೀನು ಎಲ್ಲಿರುತ್ತೀಯ? ಗಂಟೆಗಟ್ಟಲೆ ಇದೇ ಮಾತು. ಡಾನ್ಸ್ ಡಿಫೆನ್ಸ್ ಅರ್ಧ ತಯಾರಾಗಿದ್ದು ವೂಲ್‌ಪರ್ಟ್ ಅವರ ಪ್ರಾಕ್ಟೀಸಿನಲ್ಲಿ, ಇನ್ನರ್ಧ ಆ ಹಾಸ್ಟೆಲ್ ರೂಮಿನಲ್ಲಿ.

1953–54ರಲ್ಲೇ ಇದು ಫಲ ಕೊಡಬೇಕಿತ್ತು. ಮೊದಲ ಪಂದ್ಯ ಆದಮೇಲೆ ಜೋನ್ಸ್‌ಗೆ ಅಪೆಂಡಿಕ್ಸ್ ಒಡೆಯಿತು. ಇಡೀ ಸೀಸನ್ ಹೋಯಿತು. ತಂಡ 14 ಗೆದ್ದು 7 ಸೋತಿತು. ಆಡಿದ ಆ ಒಂದೇ ಪಂದ್ಯದ ಲೆಕ್ಕ ಎರಡು ವರ್ಷ ಬಿಟ್ಟು ಅವನನ್ನು ಹುಡುಕಿಕೊಂಡು ಬರುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇನ್ನು ನಮ್ಮ ಸೀಸನ್. 1954ರ ಡಿಸೆಂಬರ್. ಮೊದಲ ಎರಡು ಪಂದ್ಯ ಗೆದ್ದರು. ಮೂರನೆಯದು ಲಾಸ್ ಏಂಜಲೀಸ್‌ನಲ್ಲಿ, ಜಾನ್ ವುಡನ್ ಕೋಚ್ ಆಗಿದ್ದ ಯುಸಿಎಲ್‌ಎ, ಅಂದರೆ ಆ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದ ಎದುರು. 47–40, ಸೋಲು. ಹೊರಗಿನವರಿಗೆ ಇದು ಸುಮ್ನೆ ಇನ್ನೊಂದು ಸೋಲು. ಆದರೆ ಈ ಸೋಲಿನ ನಂತರ ವೂಲ್‌ಪರ್ಟ್ ಒಂದು ಬದಲಾವಣೆ ಮಾಡಿದರು. ಹ್ಯಾಲ್ ಪೆರಿ ಎಂಬ ಗಾರ್ಡ್‌ನನ್ನು, ಅಂದರೆ ರಿಂಗ್‌ನಿಂದ ದೂರ ನಿಂತು ಚೆಂಡು ಆಡಿಸುವವನನ್ನು, ಮೊದಲ ಐವರಲ್ಲಿ ತಂದರು. ಎತ್ತರ ಕಡಿಮೆ, ವೇಗ ಜಾಸ್ತಿ, ಎದುರಾಳಿಯ ಬೆನ್ನು ಬಿಡದವನು. ಜೋನ್ಸ್ ಜೊತೆ ಇಂಥವನೊಬ್ಬ ಮುಂದೆ ನಿಂತರೆ ಚೆಂಡು ಅರ್ಧ ಕೋರ್ಟ್ ದಾಟುವುದೇ ಕಷ್ಟ.

ಆಟದ ದೃಷ್ಟಿಯಿಂದ ಇಷ್ಟೇ. ಆದರೆ ಪೆರಿ ಕಪ್ಪು ಹುಡುಗ. ರಸೆಲ್, ಜೋನ್ಸ್, ಪೆರಿ. ಐದರಲ್ಲಿ ಮೂವರು. 1954ರ ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಇದು ಯಾರೂ ಮಾಡದ ಕೆಲಸ. ಎಷ್ಟೋ ದಕ್ಷಿಣದ ಕಾಲೇಜುಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಬೇರೆ ಕಡೆ ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು ಅನ್ನುವ, ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ ಇತ್ತು. ವೂಲ್‌ಪರ್ಟ್ ಆ ಲೆಕ್ಕ ಇಟ್ಟುಕೊಳ್ಳಲಿಲ್ಲ. ಅದಕ್ಕೆ ಅವರಿಗೆ ಬೈಗುಳದ ಪತ್ರಗಳು ಬಂದವು. ಆದರೂ ಐವರು ಬದಲಾಗಲಿಲ್ಲ.

ಒಂದು ವಾರ ಬಿಟ್ಟು ಅದೇ ಯುಸಿಎಲ್‌ಎ ಎದುರು ಮತ್ತೆ ಆಡಿದರು, ಈ ಸಲ ಸ್ಯಾನ್ ಫ್ರಾನ್ಸಿಸ್ಕೊ ಕಡೆ. 56–44, ಗೆಲುವು.

ಡಿಸೆಂಬರ್ ಕೊನೆಗೆ ಒಕ್ಲಹೋಮಾ ಸಿಟಿಯಲ್ಲಿ ಆಲ್-ಕಾಲೇಜ್ ಟೂರ್ನಿ. ಈಗ ನಾನು ಹೇಳಿದ ಪ್ರಸಂಗ. ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ಊರಿನ ಹೋಟೆಲ್‌ಗಳಲ್ಲಿ ಕಪ್ಪು ಆಟಗಾರರಿಗೆ ರೂಮ್ ಇಲ್ಲ ಅಂದರು. ಬಿಳಿಯರಿಗೆ ಇದೆ. ಅವರು ಬೇಕಾದರೆ ಹೋಟೆಲ್‌ನಲ್ಲಿ ಇರಬಹುದಿತ್ತು, ಉಳಿದವರಿಗೆ ಬೇರೆ ಎಲ್ಲಾದರೂ ವ್ಯವಸ್ಥೆ ಮಾಡಬಹುದಿತ್ತು. ಎಷ್ಟೋ ತಂಡಗಳು ಆ ಕಾಲದಲ್ಲಿ ಹಾಗೇ ಮಾಡುತ್ತಿದ್ದವು. ಡಾನ್ಸ್ ಹಾಗೆ ಮಾಡಲಿಲ್ಲ. ಕ್ರಿಸ್‌ಮಸ್ ರಜೆಗೆ ಖಾಲಿಯಾಗಿದ್ದ ಒಂದು ಕಾಲೇಜು ಹಾಸ್ಟೆಲ್‌ನಲ್ಲಿ ಇಡೀ ತಂಡ ಒಟ್ಟಿಗೆ ಉಳಿಯಿತು.

ಆ ಹಾಸ್ಟೆಲ್ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಡಿಸೆಂಬರ್ ಚಳಿ, ಮಕ್ಕಳೆಲ್ಲ ಮನೆಗೆ ಹೋಗಿರುವ ಕಟ್ಟಡ, ಖಾಲಿ ಕಾರಿಡಾರ್. ಅಲ್ಲಿ ಒಂದು ತಂಡದ ಹುಡುಗರು ಮಾತ್ರ. ಐದು ಜನ ಒಬ್ಬರ ಕಾಲನ್ನು ಒಬ್ಬರು ನಂಬದೆ ಒಳ್ಳೆಯ ಡಿಫೆನ್ಸ್ ಆಗುವುದಿಲ್ಲ. ಆ ನಂಬಿಕೆ ಕೋರ್ಟಿನಲ್ಲಿ ಮಾತ್ರ ಹುಟ್ಟುತ್ತದೆ ಅಂತ ನನಗನಿಸುವುದಿಲ್ಲ. ಈ ತಂಡ ಅಲ್ಲೇ ಗಟ್ಟಿಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಅದೇ ಊರಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಪ್ರೇಕ್ಷಕರು ಇವರ ಮೇಲೆ ಚಿಲ್ಲರೆ ಕಾಸು ಎಸೆದರು. ಸರ್ಕಸ್ಸಿನವರಿಗೆ ಎಸೆಯುವ ಹಾಗೆ. ರಸೆಲ್ ಏನು ಮಾಡಿದ ಗೊತ್ತಾ? ಬಗ್ಗಿ ಆ ಕಾಸುಗಳನ್ನು ಆರಿಸಿದ. ಕೋಚ್ ಹತ್ತಿರ ಹೋಗಿ, ಇದನ್ನು ಇಟ್ಟುಕೊಂಡಿರಿ ಅಂತ ಅವರ ಕೈಗೆ ಕೊಟ್ಟ. ವಾಪಸ್ ಬಂದು ಪ್ರಾಕ್ಟೀಸ್ ಮುಂದುವರಿಸಿದ. 20 ವರ್ಷದ ಹುಡುಗ. ಆ ಟೂರ್ನಿಯನ್ನು ಡಾನ್ಸ್ ಗೆದ್ದಿತು.

ಈಗ ಆ ಡಿಫೆನ್ಸ್ ಹೇಗೆ ನಡೆಯುತ್ತಿತ್ತು ಅಂತ ನಿಧಾನವಾಗಿ ನೋಡೋಣ. ಆಟಗಾರರು ಸ್ವಲ್ಪ ಮುಂದೆ ಬಂದು ಕೂತರೂ ಆಗುತ್ತದೆ.

ಎದುರಾಳಿಯ ಗಾರ್ಡ್ ಚೆಂಡು ತರುತ್ತಿದ್ದಾನೆ. ಎದುರಿಗೆ ಜೋನ್ಸ್. ಜೋನ್ಸ್ ನೋಡುವುದು ಅವನ ಕಣ್ಣನ್ನಲ್ಲ, ಸೊಂಟವನ್ನು. ಕಣ್ಣು, ತಲೆ, ಭುಜ ಎಲ್ಲ ಸುಳ್ಳು ಹೇಳುತ್ತವೆ, ಸೊಂಟ ಹೇಳುವುದಿಲ್ಲ ಅಂತ ಯಾವ ಒಳ್ಳೆಯ ಡಿಫೆಂಡರ್ ಆದರೂ ನಿಮಗೆ ಹೇಳುತ್ತಾನೆ. ಕಾಲು ದಾಟಿಸದೆ, ಅರ್ಧ ಅರ್ಧ ಹೆಜ್ಜೆ ಜಾರಿಸುತ್ತಾ ಅವನನ್ನು ತನಗೆ ಬೇಕಾದ ಕಡೆಗೆ ತಿರುಗಿಸುತ್ತಾನೆ. ಕಬಡ್ಡಿಯಲ್ಲಿ ಮೂಲೆಯವನು ರೈಡರ್‌ಗೆ ಒಂದು ಕಡೆ ಬಾಗಿಲು ತೆರೆದ ಹಾಗೆ ಮಾಡಿ ಒಳಗೆ ಬಿಟ್ಟುಕೊಳ್ಳುತ್ತಾನಲ್ಲ, ಥೇಟ್ ಹಾಗೆ. ಗಾರ್ಡ್‌ಗೆ ದಾರಿ ಸಿಕ್ಕಿತು ಅನಿಸುತ್ತದೆ. ಜೋನ್ಸ್‌ನನ್ನು ದಾಟಿದೆ ಅಂತ ಖುಷಿಯಾಗಿ ರಿಂಗ್ ಕಡೆ ನುಗ್ಗುತ್ತಾನೆ. ಅಲ್ಲಿ ರಸೆಲ್ ಇದ್ದಾನೆ.

ರಸೆಲ್ ಎತ್ತರ ಸುಮಾರು 6 ಅಡಿ 9 ಇಂಚು. ಎತ್ತರದವರು ಆಗಲೂ ಇದ್ದರು. ಆದರೆ ಇವನು ಕಾಲೇಜಿನ ಹೈಜಂಪ್ ಆಟಗಾರ. 6 ಅಡಿ 9 ಇಂಚು ದಾಟಿ ಹಾರಿದವನು. ಅಂದರೆ ತನ್ನ ತಲೆಯಷ್ಟೇ ಎತ್ತರದ ಕೋಲನ್ನು ಹಾರಬಲ್ಲವನು! ಜೊತೆಗೆ ಎಡಗೈ ಆಟಗಾರ. ಬಲಗೈಯಲ್ಲಿ ಹೊಡೆಯುವವನ ಎದುರು ನಿಂತಾಗ ಅವನ ಎಡಗೈ ಸರಿಯಾಗಿ ಚೆಂಡಿನ ದಾರಿಯಲ್ಲೇ ಇರುತ್ತದೆ.

ಇಷ್ಟೂ ದೇವರು ಕೊಟ್ಟದ್ದು ಅನ್ನಿ. ಮುಂದಿನದು ಅವನು ಯೋಚನೆ ಮಾಡಿ ಕಲಿತದ್ದು. ನಮ್ಮಲ್ಲಿ ಎತ್ತರದ ಹುಡುಗ ಬ್ಲಾಕ್ ಮಾಡಿದಾಗ, ಅಂದರೆ ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದಾಗ, ಏನು ಮಾಡುತ್ತಾನೆ? ಚೆಂಡನ್ನು ಜೋರಾಗಿ ಬಾರಿಸಿ ಪ್ರೇಕ್ಷಕರ ಮಧ್ಯೆ ಕಳಿಸುತ್ತಾನೆ. ಎಲ್ಲರೂ ಕೂಗುತ್ತಾರೆ. ಆಮೇಲೆ? ಚೆಂಡು ಹೊರಗೆ ಹೋಯಿತು, ಮತ್ತೆ ಎದುರಾಳಿಯದ್ದೇ. ಕೂಗಾಟ ಬಿಟ್ಟರೆ ಲಾಭ ಏನೂ ಇಲ್ಲ. ರಸೆಲ್ ಬಾರಿಸುತ್ತಿರಲಿಲ್ಲ. ಮೆಲ್ಲಗೆ ತಟ್ಟುತ್ತಿದ್ದ. ಚೆಂಡು ಕೋರ್ಟಿನ ಒಳಗೇ ಉಳಿಯಬೇಕು, ಆದಷ್ಟೂ ಪೆರಿ ಅಥವಾ ಜೋನ್ಸ್ ಇರುವ ಕಡೆಗೇ ಬೀಳಬೇಕು. ಅವರು ಆಗಲೇ ಓಡಲು ತಯಾರಾಗಿರುತ್ತಾರೆ. ಬ್ಲಾಕ್ ಮಾಡಿದ ಕ್ಷಣದಿಂದಲೇ ಡಾನ್ಸ್ ದಾಳಿ ಶುರು. ಆ ಕಡೆ ಎರಡು ಪಾಯಿಂಟ್ ನಿಂತಿತು, ಈ ಕಡೆ ಎರಡು ಪಾಯಿಂಟ್ ಬಂತು. ಒಂದು ತಟ್ಟಿಗೆ ನಾಲ್ಕು ಪಾಯಿಂಟ್ ವ್ಯತ್ಯಾಸ.

ಇನ್ನೊಂದು ಸೂಕ್ಷ್ಮ. ಆ ಕಾಲದಲ್ಲಿ ಬ್ಲಾಕ್‌ಗಳ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ. ಹಾಗಾಗಿ ರಸೆಲ್ ಎಷ್ಟು ಬ್ಲಾಕ್ ಮಾಡಿದ ಅಂತ ಅಧಿಕೃತ ಅಂಕಿ ಸಿಗುವುದಿಲ್ಲ. ಆದರೆ ಬ್ಲಾಕ್‌ಗಿಂತ ಹೆಚ್ಚು ಬೆಲೆಬಾಳುವ ಇನ್ನೊಂದು ಇದೆ, ಅದನ್ನು ಇವತ್ತಿಗೂ ಯಾರೂ ಲೆಕ್ಕ ಹಿಡಿಯಲಾರರು. ಎರಡು ಸಲ ತಡೆಸಿಕೊಂಡವನು ಮೂರನೇ ಸಲ ಒಳಗೆ ಬರುವುದೇ ಇಲ್ಲ. ದೂರದಿಂದ ಅವಸರದಲ್ಲಿ ಎಸೆಯುತ್ತಾನೆ. ಲೇಅಪ್, ಅಂದರೆ ಓಡಿ ಬಂದು ರಿಂಗ್ ಹತ್ತಿರದಿಂದ ಚೆಂಡು ಹಾಕುವಾಗ, ಅದನ್ನು ಅನವಶ್ಯಕ ಎತ್ತರಕ್ಕೆ ಎತ್ತುತ್ತಾನೆ. ರಸೆಲ್ ಹಾರಬೇಕಾಗಿಯೇ ಇಲ್ಲ. ಅವನು ಹಾರಬಹುದು ಅನ್ನುವ ಭಯವೇ ಕೆಲಸ ಮಾಡುತ್ತದೆ. ಅದಕ್ಕೇ ನಾನು 52 ಎಂಬ ಅಂಕಿಯಿಂದ ಶುರು ಮಾಡಿದ್ದು. ಆ ಭಯವೆಲ್ಲ ಸೇರಿರುವುದು ಆ ಅಂಕಿಯಲ್ಲಿ ಮಾತ್ರ.

ವೂಲ್‌ಪರ್ಟ್ ಅವರ ದೊಡ್ಡತನವನ್ನೂ ಇಲ್ಲೇ ಹೇಳಬೇಕು. ನೆಲ ಬಿಡಬಾರದು ಅಂತ ನಂಬಿದ್ದ ಕೋಚ್ ಇವನಿಗೆ ಹಾರಲು ಬಿಟ್ಟರು. ಅವರಿಬ್ಬರ ನಡುವೆ ಇದರ ಬಗ್ಗೆ ತಿಕ್ಕಾಟ ಇತ್ತು, ರಸೆಲ್ ಅದನ್ನು ಮುಚ್ಚಿಟ್ಟಿಲ್ಲ. ಆದರೆ ಕಣ್ಣ ಮುಂದೆ ಕೆಲಸ ಮಾಡುತ್ತಿರುವುದನ್ನು ಕೋಚ್ ನಿಲ್ಲಿಸಲಿಲ್ಲ.

ಯುಸಿಎಲ್‌ಎ ಎದುರಿನ ಸೋಲಿನ ನಂತರ ಡಾನ್ಸ್ ಆ ಸೀಸನ್‌ನಲ್ಲಿ ಮತ್ತೆ ಸೋಲಲೇ ಇಲ್ಲ. ಲೀಗ್ ಪಂದ್ಯಗಳನ್ನು ಒಂದೊಂದಾಗಿ ಹೇಳುತ್ತಾ ಕೂರುವುದಿಲ್ಲ. ನೇರ ಮಾರ್ಚ್‌ಗೆ ಹೋಗೋಣ, ರಾಷ್ಟ್ರೀಯ ಟೂರ್ನಿಗೆ.

ಇಡೀ ದಾರಿಯಲ್ಲಿ ಒಂದೇ ಒಂದು ಕಡೆ ಪ್ರಾಣ ಬಾಯಿಗೆ ಬಂದಿತ್ತು. ಒರೆಗಾನ್ ಸ್ಟೇಟ್ ತಂಡದ ಎದುರು, ಅದೂ ಅವರದೇ ಊರಾದ ಕೊರ್ವಾಲಿಸ್‌ನಲ್ಲಿ, ಅವರದೇ ಕೋರ್ಟಿನಲ್ಲಿ. ಅವರ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದವನು, ಸ್ವೀಡ್ ಹಾಲ್‌ಬ್ರೂಕ್. 7 ಅಡಿ 3 ಇಂಚು! ರಸೆಲ್ ಕೂಡ ತಲೆ ಎತ್ತಿ ನೋಡಬೇಕಾದ ಎದುರಾಳಿ. ಕೊನೆಯ ಕ್ಷಣದಲ್ಲಿ ಡಾನ್ಸ್ ಒಂದು ಪಾಯಿಂಟ್ ಮುಂದೆ. ಒರೆಗಾನ್ ಸ್ಟೇಟ್ ಹುಡುಗ ಮೂಲೆಯಿಂದ ಎಸೆದ ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು. 57–56. ಆ ಚೆಂಡು ಒಳಗೆ ಬಿದ್ದಿದ್ದರೆ ಇದರ ಬಗ್ಗೆ ಇವತ್ತು ಯಾರೂ ಮಾತಾಡುತ್ತಿರಲಿಲ್ಲ. ಎಷ್ಟೇ ಒಳ್ಳೆಯ ಡಿಫೆನ್ಸ್ ಇದ್ದರೂ ಕೊನೆಗೆ ಇಂಥ ಒಂದು ಗಳಿಗೆಯನ್ನು ದಾಟಲೇಬೇಕಾಗುತ್ತದೆ.

ಸೆಮಿಫೈನಲ್‌ನಲ್ಲಿ ಕೊಲೊರಾಡೊ, 62–50. ಫೈನಲ್ 1955ರ ಮಾರ್ಚ್ 19ರಂದು, ಕ್ಯಾನ್ಸಸ್ ಸಿಟಿಯಲ್ಲಿ. ಎದುರಾಳಿ ಫಿಲಡೆಲ್ಫಿಯಾದ ಲಾ ಸಾಲ್. ಹಿಂದಿನ ವರ್ಷ 92 ಪಾಯಿಂಟ್ ಹೊಡೆದು ಗೆದ್ದವರು ಇವರೇ. ಇವರ ತಂಡದಲ್ಲಿ ಟಾಮ್ ಗೋಲಾ. 6 ಅಡಿ 6 ಇಂಚು. ಆ ಎತ್ತರದಲ್ಲಿ ಗಾರ್ಡ್ ಹಾಗೆ ಚೆಂಡು ಆಡಿಸುತ್ತಾನೆ, ಸೆಂಟರ್ ಹಾಗೆ ರೀಬೌಂಡ್, ಅಂದರೆ ಗುರಿ ತಪ್ಪಿ ವಾಪಸ್ ಬಂದ ಚೆಂಡನ್ನು, ಹಿಡಿಯುತ್ತಾನೆ. ಕಾಲೇಜು ಜೀವನದಲ್ಲಿ ಅವನು ಹಿಡಿದ ರೀಬೌಂಡ್ 2,201. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಎಲ್ಲರೂ ರಸೆಲ್ ಮತ್ತು ಗೋಲಾ ಎದುರುಬದುರು ಅಂದುಕೊಂಡಿದ್ದರು. ಪತ್ರಿಕೆಗಳಿಗೂ ಅದೇ ಬೇಕಿತ್ತು. ವೂಲ್‌ಪರ್ಟ್ ಗೋಲಾ ಮೇಲೆ ಕಾವಲು ಹಾಕಿದ್ದು ಜೋನ್ಸ್‌ನನ್ನು. 6 ಅಡಿ 6 ಇಂಚಿನವನ ಮೇಲೆ 6 ಅಡಿ 1 ಇಂಚಿನವನು. ಕೇಳಿದರೆ ಹುಚ್ಚುತನ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ರಸೆಲ್ ಗೋಲಾ ಹಿಂದೆ ಹೋದರೆ ಗೋಲಾ ಅವನನ್ನು ರಿಂಗ್‌ನಿಂದ ದೂರ ಎಳೆದುಕೊಂಡು ಹೋಗುತ್ತಾನೆ. ರಿಂಗ್ ಖಾಲಿ. ಉಳಿದ ನಾಲ್ವರಿಗೆ ಹಬ್ಬ. ಜೋನ್ಸ್ ಗೋಲಾನನ್ನು ನೋಡಿಕೊಂಡರೆ ರಸೆಲ್ ರಿಂಗ್ ಹತ್ತಿರವೇ ಉಳಿಯುತ್ತಾನೆ. ಗೋಲಾ ಜೋನ್ಸ್ ತಲೆ ಮೇಲಿಂದ ಚೆಂಡು ಹೊಡೆಯಬಹುದು, ನಿಜ. ಆದರೆ ಹೊಡೆಯಬೇಕಾದರೆ ಚೆಂಡು ಮೊದಲು ಅವನ ಕೈಗೆ ಬರಬೇಕು. ಜೋನ್ಸ್ ಅದನ್ನೇ ತಡೆದ. ಪಾಸ್ ಬರುವ ದಾರಿಯಲ್ಲಿ ಕೈ, ಇಷ್ಟವಾದ ಜಾಗಕ್ಕೆ ಹೋಗುವ ದಾರಿಯಲ್ಲಿ ಎದೆ. ಪ್ರತಿ ಸಲ ಒಂದು ಹೆಜ್ಜೆ ಮುಂಚೆಯೇ ಅಲ್ಲಿ ನಿಂತಿರುತ್ತಿದ್ದ.

ಗೋಲಾ 16 ಪಾಯಿಂಟ್‌ಗೆ ನಿಂತ. ಅವನನ್ನು ಕಾಯುತ್ತಿದ್ದ ಜೋನ್ಸ್ 24 ಪಾಯಿಂಟ್ ಮಾಡಿದ! ರಸೆಲ್ 23 ಪಾಯಿಂಟ್, 25 ರೀಬೌಂಡ್. ಡಾನ್ಸ್ 77, ಲಾ ಸಾಲ್ 63. ಟೂರ್ನಿಯ ಶ್ರೇಷ್ಠ ಆಟಗಾರ ರಸೆಲ್. ಸೀಸನ್ 28 ಗೆಲುವು, 1 ಸೋಲು. ಫೈನಲ್‌ನಲ್ಲಿ ಒಬ್ಬ ಆಟಗಾರ ಎದುರಾಳಿಯ ಅತಿ ದೊಡ್ಡ ಆಟಗಾರನನ್ನು ಕಟ್ಟಿಹಾಕಿ, ತಾನೇ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಮಾಡುವುದು ಅಂದರೆ ಸಣ್ಣ ಮಾತಲ್ಲ. ಆ ರಾತ್ರಿಯ ಆಟ ಜೋನ್ಸ್‌ದು ಅಂತಲೇ ನಾನು ಹೇಳುತ್ತೇನೆ.

ಆ ವರ್ಷ ಉತ್ತರ ಕ್ಯಾಲಿಫೋರ್ನಿಯಾದ ಶ್ರೇಷ್ಠ ಆಟಗಾರ ಅಂತ ಆರಿಸಿದ್ದು ಯಾರನ್ನು ಗೊತ್ತಾ? ಪಕ್ಕದ ಸಾಂಟಾ ಕ್ಲಾರಾ ಕಾಲೇಜಿನ ಕೆನ್ ಸಿಯರ್ಸ್‌ನನ್ನು. ಸಿಯರ್ಸ್ ಒಳ್ಳೆಯ ಆಟಗಾರ, ಅವನ ಮೇಲೆ ನನಗೇನೂ ಇಲ್ಲ. ಆದರೆ ದೇಶಕ್ಕೇ ಶ್ರೇಷ್ಠನಾದವನು ತನ್ನ ಊರಿನ ಸುತ್ತಮುತ್ತ ಶ್ರೇಷ್ಠನಲ್ಲ ಅನ್ನುವುದನ್ನು ಯಾವ ಆಟದ ಲೆಕ್ಕವೂ ವಿವರಿಸಲಾರದು. ರಸೆಲ್ ಅದನ್ನು ಜೀವನಪೂರ್ತಿ ಮರೆಯಲಿಲ್ಲ.

ನಿಯಮ ಮಾಡುವವರು ಮಾತ್ರ ಅವನನ್ನು ಚೆನ್ನಾಗಿಯೇ ಗಮನಿಸಿದ್ದರು. ಕೆಲವೇ ವರ್ಷಗಳಲ್ಲಿ ಕೀ ಅಗಲ 6 ಅಡಿಯಿಂದ 12 ಅಡಿಯಾಯಿತು. ಎತ್ತರದವರು ರಿಂಗ್‌ಗೆ ಅಷ್ಟು ಹತ್ತಿರ ನಿಲ್ಲುವ ಹಾಗಿಲ್ಲ. ಜೊತೆಗಾರ ಎಸೆದ ಚೆಂಡು ರಿಂಗ್ ಮೇಲಿರುವಾಗ ಅದನ್ನು ಕೈಯಿಂದ ಒಳಗೆ ದಾಟಿಸುವುದನ್ನೂ ನಿಲ್ಲಿಸಿದರು. ರಸೆಲ್ ಅದನ್ನು ಬಹಳ ಸಲೀಸಾಗಿ ಮಾಡುತ್ತಿದ್ದ. ನೀವು ದಿನಾ ಆಡುವ ಕೋರ್ಟಿನಲ್ಲಿ ಕೀ ಅಷ್ಟು ಅಗಲ ಯಾಕಿದೆ ಅಂತ ಕೇಳಿದರೆ, ಕಾರಣಗಳಲ್ಲಿ ಈ ಹುಡುಗನೂ ಒಬ್ಬ.

1955–56ರಲ್ಲಿ ಡಾನ್ಸ್ ಇನ್ನೂ ಮುಂದೆ ಹೋಯಿತು. 29 ಆಡಿ 29 ಗೆದ್ದರು. ಆದರೆ ರಾಷ್ಟ್ರೀಯ ಟೂರ್ನಿ ಹೊತ್ತಿಗೆ ಜೋನ್ಸ್ ಆಡುವ ಹಾಗಿರಲಿಲ್ಲ. ಅಪೆಂಡಿಕ್ಸ್ ಒಡೆದ ವರ್ಷ ಆಡಿದ್ದ ಒಂದು ಪಂದ್ಯ ನೆನಪಿದೆಯಾ? ಅದನ್ನೇ ಲೆಕ್ಕಕ್ಕೆ ಹಿಡಿದು, ಇವನ ಟೂರ್ನಿ ಅವಕಾಶ ಮುಗಿದಿದೆ ಅಂದರು. ಜೋನ್ಸ್ ಜಾಗದಲ್ಲಿ ಜೀನ್ ಬ್ರೌನ್ ಎಂಬ ಹುಡುಗ ನಿಂತ. ಡಾನ್ಸ್ ಫೈನಲ್‌ನಲ್ಲಿ ಅಯೋವಾವನ್ನು 83–71ರಿಂದ ಸೋಲಿಸಿತು. ರಸೆಲ್ 26 ಪಾಯಿಂಟ್, 27 ರೀಬೌಂಡ್. ಆ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಸೆಲ್, ಜೋನ್ಸ್ ಮತ್ತೆ ಒಟ್ಟಿಗೆ ಆಡಿದರು. ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟ 55, ಅಮೆರಿಕ 89. ಆಮೇಲೆ ಬೋಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡದಲ್ಲಿ ರಸೆಲ್ 13 ವರ್ಷದಲ್ಲಿ 11 ಚಾಂಪಿಯನ್‌ಶಿಪ್, ಜೋನ್ಸ್ 8. ಈ ಭಾಗ ನಿಮಗೆಲ್ಲ ಗೊತ್ತಿರುವುದೇ.

ಗೊತ್ತಿಲ್ಲದ ಭಾಗ 1956–57. ರಸೆಲ್ ಇಲ್ಲ. ಜೋನ್ಸ್ ಇಲ್ಲ. ಪೆರಿಯೂ ಇಲ್ಲ. 60 ಪಂದ್ಯ ಸತತವಾಗಿ ಗೆದ್ದ ಓಟ ಡಿಸೆಂಬರ್‌ನಲ್ಲಿ ಇಲಿನಾಯ್ ಎದುರು ನಿಂತಿತು. 62–33, ಹೀನಾಯ ಸೋಲು. ಇನ್ನು ಇವರ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ವೂಲ್‌ಪರ್ಟ್ ಅದೇ ಕಾವಲು, ಅದೇ ಅರ್ಧ ಹೆಜ್ಜೆ, ಅದೇ ಒತ್ತಡ ಕಲಿಸುತ್ತಾ ಹೋದರು. ಬ್ರೌನ್, ಮೈಕ್ ಫಾರ್ಮರ್‌ರಂಥ ಹುಡುಗರು ಕಲಿತರು. ಮಾರ್ಚ್ ಹೊತ್ತಿಗೆ ಆ ತಂಡ ಮತ್ತೆ ದೇಶದ ಕೊನೆಯ ನಾಲ್ಕರಲ್ಲಿ ನಿಂತಿತ್ತು. ಸೆಮಿಫೈನಲ್‌ನಲ್ಲಿ ವಿಲ್ಟ್ ಚೇಂಬರ್ಲೇನ್ ಇದ್ದ ಕ್ಯಾನ್ಸಸ್ ಎದುರು ಸೋತರು, ಮೂರನೆಯ ಸ್ಥಾನಕ್ಕೆ ಮಿಷಿಗನ್ ಸ್ಟೇಟ್ ತಂಡವನ್ನು ಸೋಲಿಸಿದರು. ರಸೆಲ್ ಒಬ್ಬನಿಂದಲೇ ಆಯಿತು ಅನ್ನುವವರಿಗೆ ನಾನು ಯಾವಾಗಲೂ ಈ ಮೂರನೆಯ ಸ್ಥಾನವನ್ನೇ ತೋರಿಸುವುದು.

ಡಾನ್ಸ್‌ಗೆ ಕ್ಯಾಂಪಸ್ಸಿನಲ್ಲೇ ಸ್ವಂತ ಜಿಮ್ ಆದದ್ದು 1958ರಲ್ಲಿ. ಅದರ ಮರುವರ್ಷ ವೂಲ್‌ಪರ್ಟ್ ಆ ಕೆಲಸ ಬಿಟ್ಟರು. ಮುಂದೆ ಕೋಚಿಂಗನ್ನೇ ಬಿಟ್ಟು ವಾಷಿಂಗ್ಟನ್ ರಾಜ್ಯದ ಸೆಕ್ವಿಮ್ ಎಂಬ ಸಣ್ಣ ಊರು ಸೇರಿ, ಅಲ್ಲಿ ಮಕ್ಕಳ ಶಾಲಾ ಬಸ್ ಓಡಿಸಿದರು.